ದಢೇಸುಗೂರಿನ ಬೀಜವೂ ಅಂಗಡಿಯ ಚೀಲವೂ

ಸಿಂಧನೂರು ತಾಲ್ಲೂಕಿನ ದಢೇಸುಗೂರು ಕೃಷಿ ಸಂಶೋಧನಾ ಕೇಂದ್ರವು ರಾಯಚೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಇಂಥ ಕೇಂದ್ರಗಳಲ್ಲಿ ತಳಿಯನ್ನು ಪರೀಕ್ಷಿಸಿ ಶುದ್ಧಗೊಳಿಸಿದ ಮಾತ್ರಕ್ಕೆ ರೈತನ ಕಣಜವು ತುಂಬಲಾರದು. ಅಲ್ಲಿ ಸಿದ್ಧವಾಗುವ ತಳಿವರ್ಧಕ ಬೀಜವು ಸ್ವಲ್ಪವೇ ಸರಿ. ಅದನ್ನು ರಾಜ್ಯ ಬೀಜ ನಿಗಮವೂ ಖಾಸಗಿ ಕಂಪೆನಿಗಳೂ ಪಡೆದು, ಮೊದಲು ಮೂಲ ಬೀಜವಾಗಿಯೂ ಅನಂತರ ಪ್ರಮಾಣಿತ ಬೀಜವಾಗಿಯೂ ಹೆಚ್ಚಿಸುತ್ತವೆ. ಧಾರವಾಡದಲ್ಲಿ ಡಾ. ಕಟರ್ಕಿಯವರು ನಿರ್ಮಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯು ಹರಡಿದುದೂ ಬೀಜೋತ್ಪಾದಕರ ಕೈಸೇರಿದ ಮೇಲೆಯೇ.

ಹೀಗೆ ಕೈಯಿಂದ ಕೈಗೆ ದಾಟುವಲ್ಲಿ ಮೋಸಕ್ಕೂ ಎಡೆಯುಂಟು. ಆದಕಾರಣ ಊರ ಮುಖಂಡರೂ ಜಮೀನುದಾರರೂ ಚೀಲದ ಚೀಟಿಯ ಬಣ್ಣವನ್ನು ನೋಡತಕ್ಕದ್ದು. ತಳಿವರ್ಧಕ ಬೀಜಕ್ಕೆ ಹೊಂಬಣ್ಣ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಹಸುರು ಚೀಟಿಯು ಮಾರುವವನ ಸ್ವಂತ ಹೇಳಿಕೆಯೇ ಹೊರತು ಪ್ರಮಾಣನ ಸಂಸ್ಥೆಯ ಸಾಕ್ಷ್ಯವಲ್ಲ. ಹಸುರು ಚೀಟಿಯದೆಲ್ಲವೂ ಕೆಟ್ಟ ಬೀಜವೆಂದಲ್ಲ; ಆದರೆ ಅಲ್ಲಿ ನಂಬಬೇಕಾದುದು ಅಂಗಡಿಯವನ ಮಾತನ್ನು.

ಪ್ರಮಾಣಿತ ಭತ್ತದ ಬೀಜವು ನೂರಕ್ಕೆ 80ರಷ್ಟಾದರೂ ಮೊಳೆಯಬೇಕೆಂಬುದು ನಿಯಮ. ಮಡಿಗೆ ಚೆಲ್ಲುವ ಮುನ್ನ 100 ಕಾಳುಗಳನ್ನು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆರದಂತೆ ನೀರು ಚಿಮುಕಿಸುತ್ತಿದ್ದು, ಎಂಟು ದಿನಗಳಾದ ಮೇಲೆ ಮೊಳಕೆಗಳನ್ನು ಲೆಕ್ಕಿಸಿದರೆ ಸಂದೇಹವು ತೀರುವುದು. ಇದಕ್ಕೆ ಕಾಸು ಖರ್ಚಿಲ್ಲ. ತುಂಗಭದ್ರಾ ಕಾಲುವೆಯ ನೀರನ್ನು ನಂಬಿರುವ ಈ ಸೀಮೆಯಲ್ಲಿ, ನೀರು ಬಿಟ್ಟ ಮೇಲೆ ಸಸಿ ಕೆಟ್ಟರೆ ಮರಳಿ ಚೆಲ್ಲುವುದಕ್ಕೆ ಹದವೇ ಉಳಿಯುವುದಿಲ್ಲ. ಕಾಲುವೆಯ ಕೊನೆಯ ಭಾಗದ ಹೊಲಗಳವರಿಗಂತೂ ಆ ಹಂಗಾಮು ಕೈಬಿಟ್ಟಂತೆಯೇ. ಬೀಜ ಕೊಂಡ ರಸೀತಿಯನ್ನೂ ತಂಡದ ಸಂಖ್ಯೆಯುಳ್ಳ ಚೀಟಿಯನ್ನೂ, ಬೀಜದಲ್ಲಿ ಒಂದು ಹಿಡಿಯನ್ನೂ ಕಟಾವಿನವರೆಗೆ ಕಾದಿಡತಕ್ಕದ್ದು. ಅವಿಲ್ಲದೆ ರೈತ ಸಂಪರ್ಕ ಕೇಂದ್ರಕ್ಕೆ ದೂರು ಒಯ್ದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು.