ಮೊರದಲ್ಲಿ ಬಂದ ವ್ಯಾಕರಣ

ಬೆಳಗ್ಗೆ ಹಾಲು ಕುಡಿದ ಲೋಟಗಳನ್ನು ತೊಳೆದು ಜಗಲಿಯ ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದಾರೆ. ಅಡುಗೆ ಕೋಣೆಯ ಕಡೆಯಿಂದ ಸಾಸಿವೆ ಚಟಪಟ ಸಿಡಿಯುವ ಸದ್ದು, ಅದರ ಬೆನ್ನಿಗೇ ಬೇಳೆ ಸಾರಿನ ಒಗ್ಗರಣೆಯ ಘಮ. ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವಿನ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಊಟಕ್ಕೆ ಮುಂಚಿನ ಪೀರಿಯಡ್ಡು ಹತ್ತನೇ ತರಗತಿಗೆ ಇಂಗ್ಲಿಷಿನದು. ಹಸಿವೆಯೂ ಇಂಗ್ಲಿಷೂ ಒಟ್ಟಿಗೆ ಬರುವ ಹೊತ್ತು. ಬನ್ನಿ, ಹಿಂದಿನ ಬೆಂಚಿನ ತುದಿಯಲ್ಲಿ ಸದ್ದು ಮಾಡದೆ ಕೂರೋಣ.

ಕರಿಹಲಗೆಯ ಮೇಲೆ ಕನ್ನಡದ ಪೀರಿಯಡ್ಡಿನ ಸಾಲೊಂದು ಪೂರ್ತಿ ಅಳಿಸದೆ ಉಳಿದಿದೆ: ‘ರಾಮನಿಂದ ಮರವು ಕಡಿಯಲ್ಪಟ್ಟಿತು.’ ಅದರ ಕೆಳಗೆ ಮೇಡಂ ಸೀಮೆಸುಣ್ಣದಲ್ಲಿ ದೊಡ್ಡದಾಗಿ ‘ಪ್ಯಾಸಿವ್ ವಾಯ್ಸ್’ ಎಂದು ಬರೆದದ್ದೇ ತಡ, ನಡುವಿನ ಬೆಂಚುಗಳಿಂದ ಒಂದು ಸಣ್ಣ ನಿಟ್ಟುಸಿರು. ಅದು ಮಕ್ಕಳಿಗೆ ಗೊತ್ತಿರುವ ಕಷ್ಟ. ಆಬ್ಜೆಕ್ಟ್ ಮುಂದಕ್ಕೆ ತಾ, ವಾಸ್ ಹಾಕು, ಮೂರನೇ ರೂಪ ಹಾಕು, ಬೈ ಹಾಕು, ಸಬ್ಜೆಕ್ಟ್ ಹಿಂದಕ್ಕೆ ತಳ್ಳು. ಟ್ಯೂಷನ್ನಿನಲ್ಲಿ, ಗೈಡಿನಲ್ಲಿ, ಅಣ್ಣಂದಿರ ಹಳೇ ನೋಟ್ಸಿನಲ್ಲಿ ಎಲ್ಲಾ ಕಡೆ ಇದೇ ಸೂತ್ರ. ರಾಮ ರಾವಣನನ್ನು ಕೊಂದ, ರಾವಣ ರಾಮನಿಂದ ಕೊಲ್ಲಲ್ಪಟ್ಟ. ಹಾಗೆ ತಿರುಗಿಸಿ ಬರೆದರೆ ಅಂಕ ಸಿಗುತ್ತದೆ. ಯಾಕೆ ತಿರುಗಿಸಬೇಕು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಅಷ್ಟರಲ್ಲಿ ಇಬ್ಬರು ಹುಡುಗಿಯರು ಸ್ಟಾಫ್ ರೂಮಿನಿಂದ ಒಂದು ಬಿದಿರಿನ ಮೊರವನ್ನು ಆಚೆಯೊಬ್ಬಳು ಈಚೆಯೊಬ್ಬಳು ಹಿಡಿದು, ಒಳಗಿನದು ಚೆಲ್ಲದ ಹಾಗೆ ನಿಧಾನಕ್ಕೆ ತಂದು ಮೇಜಿನ ಮೇಲಿಟ್ಟರು. ಕೊರಳುಗಳೆಲ್ಲ ಉದ್ದವಾದವು. ಮೊರದ ತುಂಬ ಮನೆಯ ಸಾಮಾನು: ಒಂದು ಗೊಂಚಲು ಪಿನ್ನು, ಬೆಂಕಿಪೊಟ್ಟಣ, ನಾಲ್ಕಾರು ಬಾಲ್‌ಪೆನ್ನು, ಬಾಲಕ್ಕೆ ರಬ್ಬರ್ ಇರುವ ಪೆನ್ಸಿಲ್, ಮೆಂಡರ್, ಹರಿದ ಬ್ಯಾಗಿನಿಂದ ಕಿತ್ತ ಜಿಪ್ಪು, ಎಳೆದರೆ ಚರ್ರೆನ್ನುವ ಪಟ್ಟಿಯ ಚಪ್ಪಲಿ, ಗುಂಡಿ, ಸೂಜಿ. ವ್ಯಾಕರಣದ ಪುಸ್ತಕ ಮೇಜಿನ ಮೇಲಿಲ್ಲ.

ಮೇಡಂ ಒಂದು ಪಿನ್ನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ‘ಇದು ನಿಮ್ಮಮ್ಮಂದಿರ ಬಳೇಲಿ ಇರುತ್ತೋ ಇಲ್ವೋ?’ ಇಡೀ ತರಗತಿ ಹೌದೆಂದಿತು. ಪಿನ್ನು ಕೈಯಿಂದ ಕೈಗೆ ಹೋಯಿತು. ನಮ್ಮ ಬೆಂಚಿಗೂ ಬಂತು, ಸ್ವಲ್ಪ ನೋಡಿ. ಒಂದೇ ತಂತಿ. ಒಂದು ತುದಿಯಲ್ಲಿ ಸುರುಳಿ ಸುತ್ತಿಕೊಂಡಿದೆ, ಅದೇ ಅದರ ಸ್ಪ್ರಿಂಗು. ಇನ್ನೊಂದು ತುದಿಯಲ್ಲಿ ಮೊನೆಯನ್ನು ಒಳಗೆ ಮುಚ್ಚಿಟ್ಟುಕೊಳ್ಳುವ ಟೊಪ್ಪಿಗೆ. ಬೆರಳಿಟ್ಟು ಒತ್ತಿದರೆ ಬಿಚ್ಚುತ್ತದೆ, ಬಿಟ್ಟರೆ ಸೆಟೆದು ನಿಲ್ಲುತ್ತದೆ. ಈ ಸುರುಳಿಯನ್ನೂ ಟೊಪ್ಪಿಗೆಯನ್ನೂ ಯೋಚಿಸಿದವನು ನ್ಯೂಯಾರ್ಕಿನ ವಾಲ್ಟರ್ ಹಂಟ್. 1849ರ ಏಪ್ರಿಲಿನಲ್ಲಿ ಪೇಟೆಂಟ್ ಪಡೆದು, ತನ್ನ ಸಾಲ ತೀರಿಸಲು ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ‘ಅಯ್ಯೋ’ ಎಂದಳು ಮುಂದಿನ ಬೆಂಚಿನ ಹುಡುಗಿ, ನಿಜವಾಗಿಯೂ ಅವನಿಗಾಗಿ ಮರುಗಿ.

‘ಈಗ ಮಾತು ಯಾರದ್ದು? ಹಂಟ್ ಸಾಹೇಬ್ರದ್ದಾ, ಪಿನ್ನಿಂದಾ?’

‘ಪಿನ್ನಿಂದು ಮೇಡಂ.’

‘ಹಂಗಾದ್ರೆ ಪಿನ್ನು ಮುಂದೆ ಬರ್ಲಿ.’

ಹಲಗೆಯ ಮೇಲೆ ಸಾಲು ಮೂಡಿತು: ‘ದ ಸೇಫ್ಟಿ ಪಿನ್ ವಾಸ್ ಇನ್ವೆಂಟೆಡ್ ಬೈ ವಾಲ್ಟರ್ ಹಂಟ್ ಇನ್ 1849.’ ಅದರ ಕೆಳಗೆ ಇನ್ನೊಂದು: ‘ದ ರೈಟ್ಸ್ ವರ್ ಸೋಲ್ಡ್ ಫಾರ್ 400 ಡಾಲರ್ಸ್.’ ಒಂದಾದರೆ ವಾಸ್, ಹಲವಾದರೆ ವರ್. ಮಾರಿದವನು ಯಾರೆಂದು ಎರಡನೇ ಸಾಲಿನಲ್ಲಿ ಇಲ್ಲ. ಬೇಕಿಲ್ಲ, ಮೇಲಿನ ಸಾಲಿನಲ್ಲೇ ಅವನು ಬಂದು ಹೋಗಿದ್ದಾನೆ. ‘ಸೆಲ್, ಸೋಲ್ಡ್, ಸೋಲ್ಡ್’ ಎಂದು ಹುಡುಗರು ಮಗ್ಗಿಯ ರಾಗದಲ್ಲಿ ಹೇಳತೊಡಗಿದರು. ಈ ರಾಗವನ್ನು ಕೆಲವರು ಹಳೇ ಕಾಲದ್ದೆಂದು ತಳ್ಳಿಹಾಕುತ್ತಾರೆ, ನನಗದು ಒಪ್ಪಿಗೆಯಿಲ್ಲ. ‘ಮೇಕ್, ಮೇಡ್, ಮೇಡ್’ ನಾಲಿಗೆಯ ಮೇಲೆ ಕೂರದಿದ್ದರೆ ಎಂಥ ಒಳ್ಳೆಯ ಪಾಠವೂ ಬರೆಯುವ ಹೊತ್ತಿಗೆ ಕೈಕೊಡುತ್ತದೆ.

ಬೆಂಕಿಪೊಟ್ಟಣದ ಸರದಿ ಬಂದಾಗ ಹುಡುಗರೆಲ್ಲ ಕೈಯೆತ್ತಿದರು. ಒಬ್ಬನನ್ನು ಕರೆದು, ಒಂದು ಕಡ್ಡಿಯನ್ನು ನೆಲದ ಗಾರೆಗೆ ಗೀರಲು ಹೇಳಿದರು. ಗೀರಿದ, ಮತ್ತೆ ಗೀರಿದ. ನೆಲದ ಮೇಲೆ ಕೆಂಪು ಗೆರೆ ಬಿತ್ತೇ ಹೊರತು ಬೆಂಕಿ ಬರಲಿಲ್ಲ. ಇನ್ನೊಂದು ಕಡ್ಡಿಯನ್ನು ಪೊಟ್ಟಣದ ಮಗ್ಗುಲಿಗೆ ಗೀರಿದ್ದೇ ತಡ, ಚರ್ ಎಂದು ಹತ್ತಿಕೊಂಡು ಗಂಧಕದ ಘಾಟು ಮೂಗಿಗೆ ಅಡರಿತು. ಕಡ್ಡಿಯ ತಲೆಯಲ್ಲಿರುವುದು ಪೊಟಾಷಿಯಂ ಕ್ಲೋರೇಟು, ಪೊಟ್ಟಣದ ಮಗ್ಗುಲಲ್ಲಿರುವುದು ಕೆಂಪು ರಂಜಕ. ಎರಡೂ ಒಂದಕ್ಕೊಂದು ತಾಗದೆ ಉರಿಯಿಲ್ಲ. ಅದಕ್ಕೇ ಈ ಪೊಟ್ಟಣವನ್ನು ಭಯವಿಲ್ಲದೆ ಒಲೆಯ ಗೂಡಿನಲ್ಲಿಟ್ಟು ಮಲಗುತ್ತೇವೆ. ಹೀಗೆ ಎರಡನ್ನೂ ಬೇರೆಬೇರೆ ಇಡುವ ದಾರಿ ಹುಡುಕಿ 1844ರಲ್ಲಿ ಪೇಟೆಂಟ್ ಪಡೆದವನು ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್. ಅದಕ್ಕೂ ಮುಂಚೆ, 1827ರಲ್ಲಿ, ಇಂಗ್ಲೆಂಡಿನ ಸ್ಟಾಕ್ಟನ್ ಎಂಬ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ ಗೀರುವ ಕಡ್ಡಿಗಳನ್ನು ಮಾರಲು ಶುರುಮಾಡಿದ್ದ. ಅವನು ಪೇಟೆಂಟ್ ಮಾಡಿಸಿಕೊಳ್ಳಲೇ ಇಲ್ಲ. ಅಲ್ಲಿಗೆ ‘ನಾಟ್’ ಎಲ್ಲಿ ಬರುತ್ತದೆ ಎಂಬ ಪಾಠವೂ ಆಯಿತು: ‘ಇಟ್ ವಾಸ್ ನಾಟ್ ಪೇಟೆಂಟೆಡ್.’ ಪೊಟ್ಟಣವನ್ನು ತಿರುಗಿಸಿ ಓದಿದ ಹುಡುಗನೊಬ್ಬ ತಾನಾಗಿಯೇ, ಯಾರೂ ಕೇಳದೆ ಹೇಳಿದ: ‘ಇಟ್ ಈಸ್ ಮೇಡ್ ಇನ್ ಶಿವಕಾಶಿ.’ ಯಾರಿಂದ ಎಂದು ಪೊಟ್ಟಣದ ಮೇಲೆ ಬರೆದಿಲ್ಲ. ಕಡ್ಡಿ ತುಂಬಿದ ಕೈಗಳ ಹೆಸರು ಎಂದೂ ಬರೆದಿರುವುದಿಲ್ಲ. ಮೇಡಂ ಆ ಮಾತನ್ನು ಅವಸರದಲ್ಲಿ ದಾಟಲಿಲ್ಲ; ‘ಬೈ ಇಲ್ಲ ಅಂದ್ರೆ ಮಾಡಿದವರು ಇಲ್ಲ ಅಂತ ಅಲ್ಲ’ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಪೆನ್ಸಿಲ್ ಬೇಗ ಮುಗಿಯಿತು. 1858ರಲ್ಲಿ ಫಿಲಡೆಲ್ಫಿಯಾದ ಹೈಮನ್ ಲಿಪ್ಮನ್ ಅದಕ್ಕೆ ರಬ್ಬರ್ ಸೇರಿಸಿ ಪೇಟೆಂಟ್ ತೆಗೆದುಕೊಂಡ. ಹಳೆಯ ಎರಡು ವಸ್ತು ಜೋಡಿಸಿದರೆ ಹೊಸದೇನೂ ಆಗುವುದಿಲ್ಲವೆಂದು 1875ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಪೇಟೆಂಟನ್ನು ಒಪ್ಪಲಿಲ್ಲ. ಬಾಲ್‌ಪೆನ್ನಿಗೆ ಮಾತ್ರ ಹೊತ್ತು ಹಿಡಿಯಿತು, ಯಾಕೆಂದರೆ ಪ್ರತಿಯೊಬ್ಬರೂ ತಮ್ಮ ರೀಫಿಲ್ಲನ್ನು ಹೊರಗೆಳೆದು, ತುದಿಯ ಗುಂಡು ಉರುಳುವುದನ್ನು ಅಂಗೈಯ ಮೇಲೆ ನೋಡಲೇಬೇಕಾಯಿತು. ಪತ್ರಿಕೆಯ ಶಾಯಿ ಬೇಗ ಒಣಗುವುದನ್ನು ಗಮನಿಸಿದ ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೊ, ರಸಾಯನಶಾಸ್ತ್ರ ಬಲ್ಲ ಸೋದರನ ಜೊತೆ ಸೇರಿ ಅಂಥ ಮಂದ ಶಾಯಿಗೆ ಒಗ್ಗುವ ಪೆನ್ನು ಮಾಡಿ 1938ರಲ್ಲಿ ಪೇಟೆಂಟ್ ಪಡೆದ. ಅದು ಯಹೂದ್ಯರ ವಿರುದ್ಧ ಕಾನೂನುಗಳು ಬಂದ ಕಾಲ. ಹಾಗಾಗಿ ಬಿರೊ ಊರು ಬಿಟ್ಟು ಅರ್ಜೆಂಟೀನಾ ಸೇರಬೇಕಾಯಿತು. ಆ ದೇಶ ಇವತ್ತಿಗೂ ಅವನ ಹುಟ್ಟುಹಬ್ಬವಾದ ಸೆಪ್ಟೆಂಬರ್ 29ನ್ನು ಸಂಶೋಧಕರ ದಿನವೆಂದು ಆಚರಿಸುತ್ತದೆ.

ಚಪ್ಪಲಿಯ ಪಟ್ಟಿಗೆ ಬಂದಾಗ ಮೇಡಂ ಅದನ್ನು ಎಳೆಯಲಿಲ್ಲ. ಬದಲಿಗೆ, ತೋಟದ ಕಾಲುದಾರಿಯಲ್ಲಿ ನಡೆದು ಬಂದ ಹುಡುಗನೊಬ್ಬನ ಪ್ಯಾಂಟಿನ ಅಂಚನ್ನು ತೋರಿಸಿದರು. ಅಲ್ಲಿ ಉತ್ತರಾಣಿಯ ಕಾಳುಗಳು ಸಾಲುಗಟ್ಟಿ ಅಂಟಿಕೊಂಡಿದ್ದವು. ವಿಜ್ಞಾನದ ಕೋಣೆಯ ಭೂತಗನ್ನಡಿ ಬಂತು. ಅದರಡಿಯಲ್ಲಿ ಕಾಳಿನ ಸುತ್ತ ಚೂಪು ಮುಳ್ಳುಗಳು, ಬಟ್ಟೆಯ ಎಳೆಗೆ ಹೊಕ್ಕು ಕೂತಿದ್ದು ಸ್ಪಷ್ಟವಾಗಿ ಕಂಡಿತು. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ತನ್ನ ನಾಯಿಯ ಜೊತೆ ಕಾಡು ಸುತ್ತಿ ಬಂದಾಗ ಅವನ ಬಟ್ಟೆಗೂ ನಾಯಿಯ ಮೈಗೂ ಹೀಗೇ ಕಾಯಿಗಳು ಅಂಟಿಕೊಂಡಿದ್ದವು. ನಮ್ಮ ಉತ್ತರಾಣಿಯಲ್ಲ, ಬರ್ಡಾಕ್ ಎಂಬ ಆ ಕಡೆಯ ಗಿಡ. ಅದರ ಮುಳ್ಳುಗಳ ತುದಿ ಕೊಕ್ಕೆಯಾಗಿ ಬಾಗಿರುತ್ತದೆ. ಆ ಕೊಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ವರ್ಷಗಟ್ಟಲೆ ಹೆಣಗಿ ಅವನು ಮಾಡಿದ ಪಟ್ಟಿಗೆ 1955ರಲ್ಲಿ ಪೇಟೆಂಟ್ ಸಿಕ್ಕಿತು.

ಇಲ್ಲಿ ಮೇಡಂ ಒಂದು ಸೂಕ್ಷ್ಮವನ್ನು ತೋರಿಸಿದರು. ಕಾಡು ಸುತ್ತಿದ್ದು, ಅಂಟಿದ್ದನ್ನು ಕಿತ್ತು ನೋಡಿದ್ದು, ಬೆರಗಾದದ್ದು, ಇವೆಲ್ಲ ಆ ಮನುಷ್ಯನ ಕಥೆ. ಅಲ್ಲಿ ಪ್ಯಾಸಿವ್ ಬೇಡವೇ ಬೇಡ. ‘ಹೀ ಸಾ’, ‘ಹೀ ಥಾಟ್’ ಅಂತಲೇ ಹೇಳಿ. ಚಪ್ಪಲಿಗೆ, ಬ್ಯಾಗಿಗೆ, ಆಮೇಲೆ ಗಗನಯಾತ್ರಿಗಳ ಸಾಮಾನಿಗೆ ಆ ಪಟ್ಟಿ ಬಂದದ್ದು ಪಟ್ಟಿಯ ಕಥೆ. ಅಲ್ಲಿ ‘ಇಟ್ ಈಸ್ ಯೂಸ್ಡ್’. ಮಾತು ಯಾರ ಸುತ್ತ ತಿರುಗುತ್ತದೋ ಅವರು ಸಾಲಿನ ಮುಂದೆ. ನಾನು ನೋಡಿದ ವ್ಯಾಕರಣದ ಗೈಡುಗಳಲ್ಲಿ ಇಷ್ಟು ಸರಳವಾದ ಈ ಮಾತು ಸಿಕ್ಕಿಲ್ಲ. ಅವುಗಳಲ್ಲಿ ಎಲ್ಲ ವಾಕ್ಯವನ್ನೂ ತಿರುಗಿಸಬಹುದು, ತಿರುಗಿಸಲೇಬೇಕು, ಬಾಲಕ್ಕೆ ‘ಬೈ’ ಕಟ್ಟಲೇಬೇಕು. ನಿಜವಾದ ಇಂಗ್ಲಿಷಿನಲ್ಲಿ, ಪತ್ರಿಕೆಯಲ್ಲಾಗಲಿ ಔಷಧಿ ಡಬ್ಬಿಯ ಮೇಲಾಗಲಿ, ಹೆಚ್ಚಿನ ಪ್ಯಾಸಿವ್ ವಾಕ್ಯಗಳಿಗೆ ‘ಬೈ’ ಇರುವುದೇ ಇಲ್ಲ.

ಕನ್ನಡದ ಮಕ್ಕಳಿಗೆ ಇದು ಕಷ್ಟವಾಗುವುದಕ್ಕೆ ಹಲಗೆಯ ಮೇಲಿದ್ದ ಆ ‘ಕಡಿಯಲ್ಪಟ್ಟಿತು’ ಕೂಡ ಒಂದು ಕಾರಣ. ‘ನಿಮ್ಮ ಮನೇಲಿ ಯಾರಾದ್ರೂ ಅಮ್ಮನಿಂದ ಮುದ್ದೆ ಕಟ್ಟಲ್ಪಟ್ಟಿತು ಅಂತಾರಾ?’ ಎಂದು ಮೇಡಂ ಕೇಳಿದಾಗ ತರಗತಿ ಗೊಳ್ಳೆಂದಿತು. ‘ಈ ಸ್ಕೂಲು ಕಟ್ಟಿದ್ದು ಯಾವಾಗ ಅಂತೀರಿ. ಯಾರು ಕಟ್ಟಿದ್ದು ಅಂತ ಅದ್ರಲ್ಲಿ ಇದ್ಯಾ? ಇಲ್ಲ. ಅದೇ ಇಂಗ್ಲಿಷಲ್ಲಿ ವೆನ್ ವಾಸ್ ದಿಸ್ ಸ್ಕೂಲ್ ಬಿಲ್ಟ್.’ ಆಮೇಲೆ ಕೊಬ್ಬರಿಯ ಮಾತೆತ್ತಿದರು. ಈ ಸೀಮೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಿಲ್ಲ. ‘ಕಾಯಿ ಕೆಡವ್ತಾರೆ.’ ‘ಅಟ್ಟಕ್ಕೆ ಹಾಕ್ತಾರೆ.’ ‘ಒಳಗೇ ಒಣಗಿದ ಮೇಲೆ ಸುಲೀತಾರೆ, ಚಿಪ್ಪು ಒಡೀತಾರೆ.’ ‘ತಿಪಟೂರು ಮಾರ್ಕೆಟ್ಟಿಗೆ ಹಾಕ್ತಾರೆ.’ ಯಾರು ಎಂಬುದು ಒಂದರಲ್ಲೂ ಇಲ್ಲ. ಆ ಸಾಲುಗಳೇ ಒಂದೊಂದಾಗಿ ಹಲಗೆಯ ಮೇಲೆ ಇಂಗ್ಲಿಷಾದವು: ‘ದ ನಟ್ಸ್ ಆರ್ ಸ್ಟೋರ್ಡ್’, ‘ದ ಶೆಲ್ಸ್ ಆರ್ ಬ್ರೋಕನ್’, ‘ದ ಕೋಪ್ರಾ ಈಸ್ ಸೋಲ್ಡ್.’ ಸೂತ್ರ ಉರುಹೊಡೆದ ಹುಡುಗರಿಗಿಂತ ಮೊದಲು, ಯಾವಾಗಲೂ ಬಾಯಿಬಿಡದ ಹಿಂದಿನ ಬೆಂಚಿನವರು ಹೇಳಿದರು. ನಾವು ಅವರ ಪಕ್ಕದಲ್ಲೇ ಕೂತಿದ್ದೇವಲ್ಲ, ಮುಖ ನೋಡಿ. ಮನೆಯ ಅಟ್ಟ ಇಂಗ್ಲಿಷ್ ಹಲಗೆಯ ಮೇಲೆ ಬಂದಿತೆಂಬ ಹಿಗ್ಗು ಅಲ್ಲಿದೆ.

ಬಾಗಿಲಿನ ಪಕ್ಕದ ಗೋಡೆಯ ಮೇಲೆ ಮತಗಟ್ಟೆಯ ಸಂಖ್ಯೆ ಬರೆದಿದ್ದಾರೆ. ಚುನಾವಣೆ ಬಂದರೆ ಇದೇ ಕೋಣೆಯಲ್ಲಿ ಊರಿನವರೆಲ್ಲ ಎಡಗೈಯ ತೋರುಬೆರಳು ಚಾಚುತ್ತಾರೆ. ಬೆರಳಿಗೆ ಹಚ್ಚುವ ಆ ನೇರಳೆ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿಯಲ್ಲಿ ತಯಾರಾಗುತ್ತದೆ; ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದರೆ ತೊಳೆದರೂ ಹೋಗುವುದಿಲ್ಲ. ‘ದಿ ಇಂಕ್ ಈಸ್ ಮೇಡ್ ಇನ್ ಮೈಸೂರು’ ಎಂದು ಬರೆದುಕೊಳ್ಳುವಾಗ ಮಕ್ಕಳು ಗೋಡೆಯ ಸಂಖ್ಯೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು.

ಮೊರ ಖಾಲಿಯಾಗುತ್ತ ಬಂದಿತ್ತು. ಗುಂಡಿಯನ್ನೂ ಸೂಜಿಯನ್ನೂ ಮೊದಲು ಮಾಡಿದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲವೆಂದು ಮೇಡಂ ಹೇಳಿ, ಅವನ್ನು ಪಕ್ಕಕ್ಕಿಟ್ಟರು. ‘ಹಂಗಾದ್ರೆ ಈ ಮೊರ?’ ಎಂದ ಒಬ್ಬ. ಮೇದರ ಮನೆಯ ಹುಡುಗಿಯೊಬ್ಬಳು ಗೋಡೆಯ ಪಕ್ಕದ ಬೆಂಚಿನಿಂದ ಎದ್ದು ನಿಂತಳು. ಅವಳಿಗೆ ಮೂರನೇ ರೂಪ ಸಿಗಲಿಲ್ಲ. ಮೇಡಂ ‘ವೀವ್, ವೋವ್...’ ಎಂದು ಕೈಹಿಡಿದರು. ಅವಳು ಮಿಕ್ಕದ್ದನ್ನು ತಾನೇ ಕಟ್ಟಿದಳು: ‘ದಿಸ್ ಮೊರ ವಾಸ್ ವೋವನ್ ಬೈ ಮೈ ಗ್ರ್ಯಾಂಡ್‌ಮದರ್.’ ಆ ಪೀರಿಯಡ್ಡಿನಲ್ಲಿ ಹುಟ್ಟಿದ ವಾಕ್ಯಗಳಲ್ಲಿ ‘ಬೈ’ ಇರಲೇಬೇಕಾದ ವಾಕ್ಯ ಅದೊಂದೇ ಎಂದು ನನಗನ್ನಿಸಿತು. ಅದನ್ನು ತೆಗೆದರೆ ಅವಳು ಹೇಳಬೇಕಾದದ್ದೇ ಹೋಗುತ್ತಿತ್ತು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ಅವರಿಗೆ ಬಾರದಿರುವುದು ರಾವಣನನ್ನು ಮತ್ತೆ ಮತ್ತೆ ಕೊಲ್ಲುವ ಇಂಗ್ಲಿಷು. ಕೈಯಲ್ಲಿ ಹಿಡಿದದ್ದರ ಬಗ್ಗೆ, ಮನೆಯಲ್ಲಿ ನಡೆಯುವುದರ ಬಗ್ಗೆ ಹೇಳಬೇಕಾದ ಕಾರಣ ಕೊಟ್ಟರೆ ಇಂಗ್ಲಿಷೂ ಬರುತ್ತದೆ. ಹೊಸ ಯಂತ್ರವೂ ಬೇಡ, ಪರದೆಯೂ ಬೇಡ. ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದು ನಾಳೆ ಪ್ಯಾಸಿವ್ ವಾಯ್ಸಿನ ಅಭ್ಯಾಸ ಹಿಡಿದು ಕೂತರೆ, ಗೈಡು ತೆರೆಯುವುದಕ್ಕೆ ಮುಂಚೆ ಅಡುಗೆಮನೆಯ ಒಂದು ಡ್ರಾಯರು ಎಳೆದು ಕೊಡಿ. ಸಿಕ್ಕಿದ್ದನ್ನು ಎತ್ತಿಕೊಂಡು ಅದು ಎಲ್ಲಿ ಆಯಿತು, ಯಾವಾಗ ಆಯಿತು, ಏತಕ್ಕೆ ಬರುತ್ತದೆ ಎಂದು ಹೇಳಲಿ. ‘ಬೈ’ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನೂ ಅವರೇ ತೀರ್ಮಾನಿಸಲಿ.