ಉಡುಪಿಗೊಂದು ಅಂಕಿತ

ವಚನಕಾರರಿಗೂ ಹರಿದಾಸರಿಗೂ ಅಂಕಿತವಿದ್ದಂತೆ ಈ ಕಾಲದ ಉಡುಪಿನ ವ್ಯಾಪಾರಿಗೂ ಒಂದು ಅಂಕಿತ ಬೇಕಾಗಿದೆ. ಅವನು ಅದನ್ನು ‘ಬ್ರ್ಯಾಂಡ್’ ಎನ್ನುತ್ತಾನೆ. ಬರಿಯ ಹೆಸರು ಸಾಲದು. ಹೆಸರಿನ ಬೆನ್ನಿಗೊಂದು ಕಥೆ, ಕಥೆಗೊಂದು ಚಿತ್ರ ಬೇಕು. ದೇಗುಲದ ಭಿತ್ತಿ, ರಾಜಮುದ್ರೆ, ಅಜ್ಜಿಯ ಕುಪ್ಪಸ ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿರುವುದು ಅದಕ್ಕಾಗಿಯೇ.

ಅಂಥವನಿಗೆ ನಮ್ಮ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಕೆಂಗ ಹನುಮಂತಪ್ಪ ನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಿಣಿಯಿದೆ. ಕೊಳದ ನಡುವಣ ವಸಂತಮಂಟಪ, ಅದರ ಕಮಾನುಗಳು, ಸುತ್ತಲ ಮೆಟ್ಟಿಲುಗಳ ಸಾಲು—ಸೆರಗಿನ ಅಂಚಿಗೆ ಇದಕ್ಕಿಂತ ಚೆಲುವಾದ ನಮೂನೆ ಬೇಕೆ? ತೆಗೆದುಕೊಳ್ಳಲಿ, ನಾಯಕ ಎದ್ದುಬಂದು ಪಾಲು ಕೇಳುವುದಿಲ್ಲ.

ಆದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಮಾತು ಬೇರೆ. ಅದು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ನಾಲ್ಕಾರು ರಾಜ್ಯಗಳ ಬಂಜಾರರು ಅಲ್ಲಿ ನೆರೆಯುತ್ತಾರೆ. ಹಿರಿಯ ಹೆಂಗಸರ ಲಂಗ, ಕಾಂಚಳಿಗಳನ್ನು ವಾಚಕರು ಒಮ್ಮೆ ಹತ್ತಿರದಿಂದ ನೋಡಬೇಕು. ಕೆಂಪು ನೆಲದ ಮೇಲೆ ತುಂಡುಬಟ್ಟೆಗಳ ಜೋಡಣೆ, ಕನ್ನಡಿಯ ಚೂರು, ನಾಣ್ಯ, ಕವಡೆ. ಈ ಜನ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದಖ್ಖನಿನ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದವರು. ಕವಡೆಯಾದರೋ ನಮ್ಮ ದೇಶದಲ್ಲಿ ಬಹುಕಾಲ ಚಿಲ್ಲರೆ ಹಣವಾಗಿ ನಡೆದದ್ದು. ರೈಲು ಬಂದು ಆ ವ್ಯಾಪಾರವನ್ನು ನುಂಗಿತು. 1871ರ ಕಾಯಿದೆ ಅಲೆಮಾರಿಗಳ ಮೇಲೆ ಕಳ್ಳರೆಂಬ ಹಣೆಪಟ್ಟಿ ಹಚ್ಚಿತು. ಹೀಗೆ ಕೈಬಿಟ್ಟುಹೋದ ಒಂದು ಬದುಕಿನ ಲೆಕ್ಕಪುಸ್ತಕವೇ ಆ ಲಂಗ ಎಂದು ನನಗನ್ನಿಸುತ್ತದೆ. ಅದನ್ನು ಬರೆಯುವ ಕೈ ಇನ್ನೂ ಬದುಕಿದೆ, ಅದಕ್ಕೆ ಹಸಿವೂ ಇದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಸುಬಿನಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲುಂಟು. ಗದ್ದಲವಾದ ಬಳಿಕ ಸಂಸ್ಥೆ ಋಣವನ್ನು ಒಪ್ಪಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ವಚನದ ಕೊನೆಯ ಅಂಕಿತವನ್ನು ಕತ್ತರಿಸಿ ತನ್ನದನ್ನು ಅಂಟಿಸಿಕೊಂಡವನನ್ನು ಸಾಹಿತ್ಯದಲ್ಲಿ ನಾವು ಏನೆಂದು ಕರೆಯುತ್ತೇವೆ?

ಸಂಡೂರಿನ ಲಂಬಾಣಿ ಕಸೂತಿಗೂ ಅಂಥ ಮಾನ್ಯತೆಯುಂಟು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂಡೂರು ಕುಶಲ ಕಲಾ ಕೇಂದ್ರ ಅವರನ್ನು ಒಗ್ಗೂಡಿಸಿದ್ದರಿಂದ ಇದು ಸಾಧ್ಯವಾಯಿತು. ಆದರೆ ಆ ಮುದ್ರೆ ಸಂಡೂರಿನದು. ಹೊನ್ನಾಳಿ, ನ್ಯಾಮತಿಯ ತಾಂಡಾಗಳ ಸೂಜಿಗೆ ಅದು ಸಲ್ಲದು. ಯಾರಾದರೂ ನಾಳೆ ಇಲ್ಲಿಯ ಕಸೂತಿಯಿಂದ ತಮ್ಮ ಅಂಗಡಿಗೊಂದು ಗುರುತು ಕಟ್ಟಿಕೊಳ್ಳುವುದಾದರೆ, ಕೊರಳಪಟ್ಟಿಯಲ್ಲಿ ಅಂಗಡಿಯ ಹೆಸರಿನ ಕೆಳಗೆ ತಾಂಡಾದ ಹೆಸರೂ ಇರಲಿ, ಕೂಲಿಯ ಕರಾರು ಮೊದಲೇ ಕಾಗದದ ಮೇಲೆ ಬರಲಿ. ದಾವಣಗೆರೆಯ ಜವಳಿ ವರ್ತಕರು ಇದನ್ನು ಆರಂಭಿಸಲು ಮಿಲಾನಿನ ಅಪ್ಪಣೆಗೆ ಕಾಯಬೇಕಾಗಿಲ್ಲ.