ದೇವನದೊಡ್ಡಿಯ ನೆಲ, ಲಂಡನ್ನಿನ ಹರಾಜು

ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದವರಿಗೆ ವಿಮಾನ ನಿಲ್ದಾಣದ ತಿರುವು ದಾಟಿದ ಸ್ವಲ್ಪ ಹೊತ್ತಿಗೆ ದೇವನಹಳ್ಳಿ ಸಿಗುತ್ತದೆ. ಹೆಚ್ಚಿನವರು ನಿಲ್ಲುವುದಿಲ್ಲ. ನಿಂತು ಊರೊಳಗೆ ಹೋದರೆ ಕೋಟೆ ಎದುರಾಗುತ್ತದೆ. ಮೊಟ್ಟೆಯಾಕಾರದ ಸುತ್ತುಗೋಡೆ, ಹನ್ನೆರಡು ಅರೆಸುತ್ತಿನ ಕೊತ್ತಲಗಳು, ಒಳಗೆ ಸುಮಾರು 20 ಎಕರೆ ನೆಲ. ಪ್ರವಾಸಿಗಳಿಗಾಗಿ ಖಾಲಿ ಮಾಡಿಸಿದ ಕೋಟೆಯಲ್ಲ ಇದು. ಒಳಗೆ ಬೀದಿಗಳಿವೆ, ಮನೆಗಳಿವೆ, ಬಾಗಿಲಲ್ಲಿ ರಂಗೋಲಿ ಇರುತ್ತದೆ, ವೇಣುಗೋಪಾಲಸ್ವಾಮಿಗೆ ಪೂಜೆ ನಡೆಯುತ್ತದೆ. ಆ ಗುಡಿಯ ಹೊರಗೋಡೆಯ ರಾಮಾಯಣದ ಕೆತ್ತನೆ ನೋಡುವುದಕ್ಕೇ ಒಂದು ಗಂಟೆ ಬೇಕು.

ಕೋಟೆಯ ಆಚೆ, ಸ್ವಲ್ಪವೇ ದೂರದಲ್ಲಿ, ಆಳೆತ್ತರದ ಕಂಬಗಳ ಒಂದು ಚಿಕ್ಕ ಕಲ್ಲುಕಟ್ಟೆ. ಅದರಲ್ಲಿ ಒಂದು ಶಿಲಾಫಲಕ. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗವೆಂದು ಗುರುತಿಸಿದ್ದು ಇಷ್ಟನ್ನೇ. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜುಮನೆಯಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಆ ಸುದ್ದಿ ಓದಿದ ಮೇಲೆ ಈ ಕಟ್ಟೆಯ ಮುಂದೆ ನಿಂತಾಗ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಈ ಊರಿನ ನೆಲಕ್ಕೆ, ಈ ಊರಿನ ಮಗನ ವಸ್ತುಗಳಿಗೆ ಇಷ್ಟು ವರ್ಷ ಬೆಲೆ ಕೂಗುತ್ತ ಬಂದವರು ಯಾರು, ಒಲ್ಲೆ ಅನ್ನುವ ಹಕ್ಕು ಯಾರಿಗಿತ್ತು?

ಮೊದಲು ನೆಲದ ಕಥೆ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ದಾರಿಯಲ್ಲಿ ಆವತಿ ಎಂಬ ಊರಿದೆ. ಕಂಚಿಯ ಕಡೆಯಿಂದ ಬಂದ ಮೊರಸು ಒಕ್ಕಲು ಮನೆತನವೊಂದು ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಕಾಡು ಕಡಿದು ಹೊಲ ಮಾಡಿ ನೆಲೆ ನಿಂತಿತೆಂದು ಐತಿಹ್ಯ. ರಣಭೈರೇಗೌಡನ ಈ ವಂಶವನ್ನು ಆವತಿನಾಡ ಪ್ರಭುಗಳೆಂದು ಕರೆದರು. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಪಾಳೆಯಪಟ್ಟುಗಳು ಈ ಬೇರಿನವು. ಯಲಹಂಕದ ಗೌಡರ ಮೂಲವನ್ನೂ ಪರಂಪರೆ ಇಲ್ಲಿಗೇ ತಂದು ಸೇರಿಸುತ್ತದೆ, ಆ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದರು. ವಿಮಾನ ನಿಲ್ದಾಣದ ಅಂಗಳದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆಯಿದೆ. ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರಲ್ಲಿ ಆವತಿಯ ಹೆಸರು ಕೇಳಿದವರು ಎಷ್ಟು ಮಂದಿಯೋ!

ದೇವನಹಳ್ಳಿಗೆ ಆಗಿನ ಹೆಸರು ದೇವನದೊಡ್ಡಿ. ದೊಡ್ಡಿ ಅಂದರೆ ದನ ಕೂಡುವ ಜಾಗ. 1501ರಲ್ಲಿ ಮಲ್ಲಭೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ದೊಡ್ಡಬಳ್ಳಾಪುರದ ಹೆಸರಿನ ಹಿಂದೆಯೂ ದನವೇ ಇದೆ. ಹಸುವೊಂದು ದಿನಾ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತಂತೆ, ಅದಕ್ಕೇ ಬಳ್ಳಾಪುರ. ದನ, ಹುತ್ತ, ಬಳ್ಳದ ಲೆಕ್ಕ: ಈ ಸೀಮೆಯ ಊರುಗಳು ಹುಟ್ಟಿದ್ದು ಹೀಗೆ.

ನೆಲಕ್ಕೆ ರೊಕ್ಕದ ಬೆಲೆ ಬಂದದ್ದು ಆಮೇಲೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ಗೆದ್ದ. ಕೆಂಪೇಗೌಡರ ವಂಶ ಮಾಗಡಿಗೆ ಹೋಯಿತು. ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಶಿರಾ ಎಲ್ಲ ಸೇರಿ ಶಹಾಜಿಗೆ ಜಹಗೀರಾದವು. ಶಹಾಜಿಯ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆಯಾದ ಮೇಲೆ ದೂರದ ಬೆಂಗಳೂರನ್ನು ಕಾಪಾಡಿಕೊಳ್ಳುವುದು ಅವನಿಗೆ ಭಾರವಾಯಿತು. 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಲು ಮಾತು ನಡೆಯಿತು. ವ್ಯಾಪಾರ ಮುಗಿಯುವ ಮೊದಲೇ, 1687ರ ಜುಲೈನಲ್ಲಿ, ಮೊಗಲರ ಸೇನಾಪತಿ ಖಾಸಿಂ ಖಾನ್ ಬಂದು ಊರು ಹಿಡಿದ. ಹಿಡಿದವನು ಇಟ್ಟುಕೊಳ್ಳಲಿಲ್ಲ, ಅದೇ 3 ಲಕ್ಷಕ್ಕೆ ಒಡೆಯರಿಗೇ ಬಿಟ್ಟುಕೊಟ್ಟ. ಇವತ್ತು ಒಂದು ನಿವೇಶನದ ಮುಂಗಡಕ್ಕೂ ಸಾಲದ ಹಣಕ್ಕೆ ಒಂದು ಊರಿಗೆ ಊರೇ ಕೈ ಬದಲಾಯಿತು. ಆ ಲೆಕ್ಕದಲ್ಲಿ ನೆಲ ಉತ್ತವರ ಮಾತು ಎಲ್ಲೂ ಬರುವುದಿಲ್ಲ.

ದೇವನಹಳ್ಳಿಯ ಸರದಿ 1749ರಲ್ಲಿ ಬಂತು. ಮೈಸೂರಿನ ದಳವಾಯಿ ನಂಜರಾಜಯ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೋಟೆಯನ್ನು ವಶಪಡಿಸಿಕೊಂಡ. ಆ ಸೈನ್ಯದಲ್ಲಿದ್ದ ಹೈದರ್ ಎಂಬ ಸವಾರ ದಳವಾಯಿಯ ಕಣ್ಣಿಗೆ ಬಿದ್ದದ್ದು ಇಲ್ಲೇ. 50 ಕುದುರೆ, 200 ಕಾಲಾಳುಗಳ ಅಧಿಕಾರ ಅವನಿಗೆ ಸಿಕ್ಕಿತು. ಹುಡುಗನಾಗಿದ್ದಾಗ ತಂದೆಯನ್ನು ಕಳೆದುಕೊಂಡು ದೊಡ್ಡಬಳ್ಳಾಪುರದ ಜಹಗೀರುದಾರನ ಕೈಯಲ್ಲಿ ಹಿಂಸೆ ಪಟ್ಟವನು ಅವನು. 1761ರಲ್ಲಿ ಅದೇ ದೊಡ್ಡಬಳ್ಳಾಪುರವನ್ನು ಗೆದ್ದುಕೊಂಡ. ದೇವನಹಳ್ಳಿಯ ಮುತ್ತಿಗೆ ಮುಗಿದ ಮರುವರ್ಷ, 1750ರಲ್ಲಿ, ಹೈದರನ ಮಗ ಟಿಪ್ಪು ಹುಟ್ಟಿದನೆಂಬುದು ರೂಢಿಯ ಲೆಕ್ಕ. ತಂದೆ ಮಗ ಸೇರಿ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿದರು. ಟಿಪ್ಪು ಊರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ. ಜನ ದೇವನಹಳ್ಳಿ ಎನ್ನುವುದನ್ನು ಬಿಡಲಿಲ್ಲ. 1791ರಲ್ಲಿ ಕೋಟೆ ಕಾರ್ನ್‌ವಾಲಿಸನ ಸೇನೆಯ ಪಾಲಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೊದಲ ರಾತ್ರಿ ಸೈನಿಕರು ಕೈಗೆ ಸಿಕ್ಕಿದ್ದನ್ನು ದೋಚಿದರು. ಆಮೇಲೆ ಉಳಿದದ್ದನ್ನು ಲೆಕ್ಕ ಹಾಕಿ ಹಂಚುವ ಕೆಲಸಕ್ಕೆ ಕಂಪನಿಯ ಸೇನೆಯೇ ಅಧಿಕಾರಿಗಳನ್ನು ನೇಮಿಸಿತು. ಆಭರಣ, ಬಟ್ಟೆ, ಆಯುಧಗಳು ಬಹಿರಂಗ ಹರಾಜಿಗೆ ಬಂದವು. ಸೈನಿಕನಿಂದ ಸೇನಾಪತಿಯವರೆಗೆ ಎಲ್ಲರಿಗೂ ದರ್ಜೆಗೆ ತಕ್ಕ ಪಾಲು. ಹಂಚುವ ಅನುಕೂಲಕ್ಕಾಗಿ ಚಿನ್ನದ ಹೊದಿಕೆಯ ಸಿಂಹಾಸನವನ್ನೇ ಕಡಿದು ತುಂಡು ಮಾಡಿದರು. ಇಡಿಯಾಗಿ ಇಂಗ್ಲೆಂಡಿಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮಾತು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸಿಂಹಾಸನದ ದೊಡ್ಡ ಹುಲಿಮುಖ, ಮೇಲಿದ್ದ ಹುಮಾ ಪಕ್ಷಿ ಇಂದು ವಿಂಡ್ಸರ್ ಅರಮನೆಯಲ್ಲಿವೆ. ಕಟಕಟೆಯ ಚಿಕ್ಕ ಹುಲಿಮುಖಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 3.9 ಲಕ್ಷ ಪೌಂಡಿಗೆ ಹೋಯಿತು. ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡನಿಗೆ ಸೇನೆ ಕಾಣಿಕೆಯಾಗಿ ಕೊಟ್ಟದ್ದು ಶಯನಗೃಹದ ಆ ಖಡ್ಗವನ್ನು.

ಕನ್ನಡ ನಾಡಿನವರೊಬ್ಬರು ಪರದೇಶದ ಹರಾಜಿಗೆ ಕೈ ಎತ್ತಿದ್ದೂ ಇದೆ. ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗವೊಂದನ್ನು ಕೊಂಡರು, ಸುಮಾರು ಒಂದೂವರೆ ಕೋಟಿ ರೂಪಾಯಿಗೆ. ಮರುವರ್ಷ ಸುದ್ದಿ ಹೊರಬಿದ್ದಾಗ ಇಲ್ಲಿ ಬಹಳ ಮಂದಿ ಸಂತೋಷಪಟ್ಟರು. ಖಡ್ಗ 2016ರಲ್ಲೇ ಕೈಬಿಟ್ಟು ಹೋಗಿದೆ ಎಂಬ ಮಾತು 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬಂತು. ಒಬ್ಬರ ಖಾಸಗಿ ಸ್ವತ್ತಾಗಿ ಬಂದದ್ದು ನಾಡಿನ ಸ್ವತ್ತಾಗುವುದಿಲ್ಲ, ಅವರ ಇಷ್ಟದಂತೆ ಹೊರಟೂ ಹೋಗುತ್ತದೆ. ಕಾನೂನಿನ ನೆರವೂ ಕಡಿಮೆ. ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸದಂತೆ ತಡೆಯುವ ನಮ್ಮ ಕಾಯ್ದೆ 1972ರದು. 1799ರಲ್ಲಿ ಹಡಗು ಹತ್ತಿದ್ದಕ್ಕೆ ಅದು ತಾಗುವುದಿಲ್ಲ. ಕೊಳ್ಳೋಣವೆಂದರೆ, ರಿಸರ್ವ್ ಬ್ಯಾಂಕಿನ ಉದಾರೀಕೃತ ವ್ಯವಸ್ಥೆಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ ಹಣ 2.5 ಲಕ್ಷ ಡಾಲರ್. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜುಮನೆಯ ಶುಲ್ಕವೂ ಸೇರುತ್ತದೆ. ಇಂಥ ವಸ್ತುಗಳನ್ನು ತರಬೇಕಾದರೆ ಸರ್ಕಾರವೇ ಮಾತುಕತೆಗೆ ಕೂರಬೇಕು. ಲೂಟಿಯಾದ ಮಾಲಿಗೆ ನಾವೇ ಬೆಲೆ ಕೂಗುವುದು ನನಗೆ ಸರಿ ಕಾಣುವುದಿಲ್ಲ.

ಹರಾಜು ಹೇಗಿರಬೇಕೆಂದು ತಿಳಿಯಲು ಲಂಡನ್ನಿಗೆ ಹೋಗಬೇಕಿಲ್ಲ. ಇದೇ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ. ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ತಂದವನು ಟಿಪ್ಪು. ಅರಮನೆಯ ಸಿರಿ ಚೆದುರಿ ಹೋಯಿತು, ಹಿಪ್ಪುನೇರಳೆ ಸೊಪ್ಪು ಮಾತ್ರ ಉಳಿದು ಇವತ್ತಿಗೂ ಒಕ್ಕಲು ಮನೆಗಳಿಗೆ ಅನ್ನ ಕೊಡುತ್ತಿದೆ. ಹಗಲು ರಾತ್ರಿ ಹುಳುವಿಗೆ ಸೊಪ್ಪು ಹಾಕಿ, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ತಂದು ಸುರಿಯುತ್ತಾರೆ. ಲಾಟಿಗೆ ನಂಬರು ಬೀಳುತ್ತದೆ. ನೂಲು ತೆಗೆಯುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲ್ಲಾಡಿಸಿ ನೋಡಿ ಬೆಲೆ ಹಾಕುತ್ತಾರೆ. ಹಿಂದೆ ಕೂಗುತ್ತಿದ್ದರು, ಈಗ ಮೊಬೈಲಿನಲ್ಲಿ. ಬಂದ ಬೆಲೆ ಹಿಡಿಸದಿದ್ದರೆ ಬೆಳೆಗಾರ ಒಪ್ಪದೇ ಇರಬಹುದು. ಲಾಟು ಮತ್ತೆ ಹರಾಜಿಗೆ ಬರುತ್ತದೆ. ಕೊಳ್ಳುವವನ ಹಣದಷ್ಟೇ ಮಾರುವವನ ‘ಒಲ್ಲೆ’ಗೂ ಅಲ್ಲಿ ತೂಕವಿದೆ.

ನೆಲದ ವಿಷಯದಲ್ಲಿ ಆ ‘ಒಲ್ಲೆ’ ಬರಲು ಬಹಳ ಕಾಲ ಹಿಡಿಯಿತು. 1954ರಲ್ಲಿ ಇನಾಂ ರದ್ದಾಯಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿಗೆ ಉಳುತ್ತಿದ್ದವರ ನೆಲದ ಮೇಲಿನ ಒಡೆತನ ಅವರಿಗೇ ದಕ್ಕುವ ದಾರಿಯಾಯಿತು. ಪಹಣಿಯಲ್ಲಿ ಅಪ್ಪನ ಹೆಸರು ಮೊದಲ ಬಾರಿ ಕಂಡ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ನೋಟಿಸು ಬಂದರೆ ಪಹಣಿ ಇದ್ದರೂ ನೆಲ ಹೋಗುತ್ತದೆ. 2008ರ ಮೇ 24ರಂದು ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ತೆರೆಯಿತು. ಸುತ್ತಲ ಎಕರೆಯ ಮಾತು ಗುಂಟೆಗೆ, ಗುಂಟೆಯ ಮಾತು ಚದರಡಿಗೆ ಬಂತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು.

ಈ ನಡುವೆ ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕೆಂದು ಸರ್ಕಾರ ಹೊರಟಿತು. ರಾಗಿ, ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ನೆಲ ಅದು. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. ಎಷ್ಟು ಪರಿಹಾರ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ, ಕೊಡುವುದಿಲ್ಲ ಎಂಬುದೇ ಅವರ ಮಾತಾಗಿತ್ತು. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆದು ಬಂಧನಗಳಾದವು. ನಾಡಿನ ಹೋರಾಟಗಾರರು, ಬರಹಗಾರರು, ಕಲಾವಿದರು ಜೊತೆಗೆ ನಿಂತರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರಿದ್ದರೆ ಹೆಚ್ಚಿನ ಪರಿಹಾರ ಕೊಟ್ಟು ಪಡೆಯುತ್ತೇವೆಂದೂ ಹೇಳಿದರು. ಕೊಡುವುದು ಬಿಡುವುದು ಉಳುವವರ ಇಷ್ಟಕ್ಕೆ ಬಂತು. 1687ರಿಂದ ಎಣಿಸಿದರೆ ಈ ಸೀಮೆಯ ಭೂಮಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ನನಗೆ ಕಾಣುವುದಿಲ್ಲ.

ಅದೇ ಸೀಮೆಯಲ್ಲಿ ನಲ್ಲೂರು ಇದೆ. ಅಲ್ಲಿನ 54 ಎಕರೆಯ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದಾರೆ. ಕಾಂಡ ಟೊಳ್ಳಾಗಿ ಸೀಳಿದ ಮರಗಳು ಇನ್ನೂ ಚಿಗುರುತ್ತವೆ, ನಡುವೆ ಪಾಳುಬಿದ್ದ ಗುಡಿ. ಮುಂದಿನ ಸಲ ವಿಮಾನ ಹತ್ತಲು ಹೊರಟಾಗ ಅರ್ಧ ದಿನ ಮೊದಲೇ ಮನೆ ಬಿಡಿ. ಕೋಟೆ ನೋಡಿ, ಕಲ್ಲುಕಟ್ಟೆಯ ಬಳಿ ನಿಲ್ಲಿ, ಹಣ್ಣಿನ ಕಾಲವಾಗಿದ್ದರೆ ಒಂದು ದೇವನಹಳ್ಳಿ ಚಕ್ಕೋತ ಕೊಳ್ಳಿ. ನಲ್ಲೂರಿಗೂ ಹೋಗಿ. ದಾರಿಯ ಎರಡೂ ಬದಿ ಕಾಣುವ ಹೊಲಗಳಲ್ಲಿ ಬೆಳೆ ನಿಂತಿರುತ್ತದೆ, ಗಾಡಿ ನಿಲ್ಲಿಸಿ ಇಳಿದು ನೋಡಿ.